ಪ್ರತಿ: ಅಣ್ಣನನ್ನು ಪ್ರೀತಿಸಲಾಗುತ್ತಿಲ್ಲ, ನನ್ನಲ್ಲಿ ಕೃಪೆ ಇಲ್ಲವೇ?

ಆಸ್ತಿ ಭಾಗದಲ್ಲಿ ಮೋಸ ಮಾಡಿದ ಅಣ್ಣನ ಮೇಲೆ ಪ್ರೀತಿಯೇ ಹುಟ್ಟುತ್ತಿಲ್ಲ, ಹಾಗಾದರೆ ದೇವರ ಕೃಪೆ ನನಗೆ ಸಿಕ್ಕೇ ಇಲ್ಲವೇ ಎಂದು ಕೇಳಿದ್ದೀರಿ. ಹಾಗೇನಿಲ್ಲ ಸರ್. ಬೈಬಲ್‌ನಲ್ಲಿ ಎಫೆಸದವರಿಗೆ ಬರೆದ ಪತ್ರದ 2ನೇ ಅಧ್ಯಾಯದಲ್ಲಿ 8ರಿಂದ 10ನೇ ವಚನ ಒಟ್ಟಿಗೆ ಓದಿ. ಮೊದಲು ಕೃಪೆ, ಅಂದರೆ ನಮ್ಮ ಯೋಗ್ಯತೆ ನೋಡದೆ ದೇವರು ತೋರುವ ದಯೆ; ಅದರ ಬೆನ್ನಿಗೆ ಸತ್ಕ್ರಿಯೆ. (ಎಷ್ಟೋ ಜನ, ರಕ್ಷಣೆ ನಮ್ಮ ಕ್ರಿಯೆಗಳಿಂದ ಬಂದದ್ದಲ್ಲ ಎನ್ನುವ 9ಕ್ಕೇ ನಿಲ್ಲಿಸಿಬಿಡುತ್ತಾರೆ!)

ಇದಕ್ಕೊಂದು ಉದಾಹರಣೆ ಹೇಳುತ್ತೇನೆ. ಡಚ್ ಮಹಿಳೆ ಕೋರಿ ಟೆನ್ ಬೂಮ್ ಯೆಹೂದ್ಯರನ್ನು ಮನೆಯಲ್ಲಿ ಬಚ್ಚಿಟ್ಟಿದ್ದಕ್ಕೆ ನಾಜಿಗಳ ಸೆರೆಯಾದವರು. ಅವರ ಅಕ್ಕ ಬೆಟ್ಸಿ 1944ರಲ್ಲಿ, ಇಬ್ಬರನ್ನೂ ಇಟ್ಟಿದ್ದ ರಾವೆನ್ಸ್‌ಬ್ರೂಕ್ ಎಂಬ ನಾಜಿ ಸೆರೆಶಿಬಿರದಲ್ಲೇ ತೀರಿಕೊಂಡರು. 1947ರಲ್ಲಿ ಮ್ಯೂನಿಕ್‌ನಲ್ಲಿ ಕೋರಿ ಕ್ಷಮೆಯ ಬಗ್ಗೆಯೇ ಮಾತಾಡಿ ಮುಗಿಸಿದಾಗ, ಅದೇ ಶಿಬಿರದ ಮಾಜಿ ಕಾವಲುಗಾರ ಬಂದು ಕೈಚಾಚಿ ಕ್ಷಮೆ ಕೇಳಿದ. ಕೋರಿಗೆ ಕೈ ಎತ್ತಲೂ ಮನಸ್ಸಾಗಲಿಲ್ಲ. ನನ್ನಿಂದಾಗದು, ಕ್ಷಮಿಸುವ ಮನಸ್ಸನ್ನು ನೀನೇ ಕೊಡು ಎಂದು ಯೇಸುವನ್ನು ಬೇಡಿಕೊಂಡು ಹೇಗೋ ಕೈ ಚಾಚಿದರು. ಪ್ರೀತಿ ಬಂದದ್ದು ಆಮೇಲೆ.

ಹಾಗಾಗಿ ಮನಸ್ಸು ಕರಗಲಿ ಅಂತ ಕಾಯಬೇಡಿ. ಅಣ್ಣನ ಹೆಸರು ಹೇಳಿ ಪ್ರಾರ್ಥಿಸಿ, ಎದುರು ಸಿಕ್ಕಾಗ ಮಾತಾಡಿಸಿ. ಇನ್ನು ಆಸ್ತಿಯ ಕೋರ್ಟಿನ ಕೇಸು: ಕ್ಷಮಿಸಿದ ಮಾತ್ರಕ್ಕೆ ನಿಮ್ಮ ಪಾಲು ಬಿಟ್ಟುಕೊಡಲೇಬೇಕೆಂದು ನನಗನ್ನಿಸುವುದಿಲ್ಲ. ಆದರೆ ಸಭೆಯ ಹಿರಿಯರೊಬ್ಬರನ್ನು ನಡುವೆ ಕೂರಿಸಿ ಒಮ್ಮೆ ಮಾತಾಡಿ ನೋಡಿ. ಬೈಬಲ್‌ನ 1 ಕೊರಿಂಥ ಪತ್ರದ 6ನೇ ಅಧ್ಯಾಯದಲ್ಲಿ ಅಪೊಸ್ತಲ ಪೌಲನ ಸಲಹೆಯೂ ಅದೇ.