+++ ಕೊಟ್ಟರೂ ಹೇಯ್ಸ್ ಮೋಡೆಮ್ ಓಕೆ ಅನ್ನದಿದ್ದರೆ

ಫೋನ್ ಲೈನಿನಲ್ಲಿ ಡೇಟಾ ಕಳಿಸುವ ಹೇಯ್ಸ್ ಕಂಪನಿಯ ಸ್ಮಾರ್ಟ್‌ಮೋಡೆಮ್‌ಗೆ ಸ್ಕ್ರಿಪ್ಟಿನಿಂದ +++ ಕಳಿಸಿದರೂ ಓಕೆ ಅನ್ನುವ ಉತ್ತರ ಬರುತ್ತಿಲ್ಲ ಅಂತ ಕೇಳಿದ್ದೀರಿ. ನಿಮ್ಮ ಸ್ಕ್ರಿಪ್ಟ್ +++ ಜೊತೆಗೇ ಎಂಟರ್ ಕೂಡ ಕಳಿಸುತ್ತಿರಬೇಕು. ಕಾಲ್ ನಡುವೆ ಸ್ಮಾರ್ಟ್‌ಮೋಡೆಮ್ ನಮ್ಮ ಆದೇಶ ಕೇಳುವ ಸ್ಥಿತಿಗೆ, ಅಂದರೆ ಕಮಾಂಡ್ ಮೋಡ್‌ಗೆ ಬರದಿದ್ದರೆ ಸಾಮಾನ್ಯವಾಗಿ ಕಾರಣ ಇದೇ. +++ಗೆ ಮುಂಚೆ ಒಂದು ಸೆಕೆಂಡ್, ಆಮೇಲೆ ಒಂದು ಸೆಕೆಂಡ್ ನಿಮ್ಮ ಕಡೆಯಿಂದ ಏನೂ ಹೋಗಬಾರದು. ಎಂಟರ್ ಹೋದರೆ ಅದೂ ಒಂದು ಅಕ್ಷರವೇ, ಮೋಡೆಮ್ ಎಲ್ಲವನ್ನೂ ಡೇಟಾ ಅಂದುಕೊಳ್ಳುತ್ತದೆ.

ಮೊದಲು ಸ್ಕ್ರಿಪ್ಟಿನಿಂದ ಆ ಎಂಟರ್ ತೆಗೆಯಿರಿ, ಎರಡೂ ಕಡೆ ಒಂದೂವರೆ ಸೆಕೆಂಡ್ ಬಿಡಿ. ಆಗಲೂ ಓಕೆ ಬರದಿದ್ದರೆ ಕಾಲ್ ಕಟ್ ಮಾಡಿ ಎಟಿಎಸ್12? (ATS12?) ಕೊಟ್ಟು ನೋಡಿ, ಈ ವಿರಾಮ ಎಷ್ಟಿರಬೇಕು ಅನ್ನುವ ಸೆಟ್ಟಿಂಗ್ ತೋರಿಸುತ್ತದೆ. 50 ಅಂದರೆ ಒಂದು ಸೆಕೆಂಡ್. ಜಾಸ್ತಿ ಇದ್ದರೆ ಎಟಿಎಸ್12=50 ಮಾಡಿ. ಎಟಿಎಸ್2? ಕೇಳಿದರೆ 43 ಬರಬೇಕು, ಅದು ಕಂಪ್ಯೂಟರ್ ಲೆಕ್ಕದಲ್ಲಿ ಪ್ಲಸ್ ಚಿಹ್ನೆಯ ಸಂಖ್ಯೆ. 127ಕ್ಕಿಂತ ಹೆಚ್ಚಿದ್ದರೆ ಯಾರೋ +++ ಸೌಲಭ್ಯವನ್ನೇ ಬಂದ್ ಮಾಡಿದ್ದಾರೆ.

ಈ ವಿರಾಮ ಯಾಕೆ ಅಂತಲೂ ಕೇಳಿದ್ದೀರಿ. 1981ರ ಸ್ಮಾರ್ಟ್‌ಮೋಡೆಮ್‌ನಲ್ಲಿ ಡೇಟಾ, ಕಮಾಂಡ್ ಎರಡೂ ಒಂದೇ ತಂತಿಯಲ್ಲಿ ಹೋಗುತ್ತಿದ್ದವು. ಕಳಿಸುವ ಫೈಲಿನೊಳಗೇ +++ ಇದ್ದರೆ ಮೋಡೆಮ್ ಮೋಸಹೋಗಬಾರದಲ್ವಾ? ಹಿಂದೆ ಮುಂದೆ ವಿರಾಮ ಇದ್ದರೆ ಮಾತ್ರ ಅದು ಕಮಾಂಡ್ ಅಂತ ಮೋಡೆಮ್ ಗುರುತಿಸುತ್ತದೆ. ಹೇಯ್ಸ್ ಕಂಪನಿ ಕಟ್ಟಿದ ಇಬ್ಬರಲ್ಲಿ ಡೆನಿಸ್ ಹೇಯ್ಸ್ ಹೆಸರೇ ಎಲ್ಲರಿಗೂ ಗೊತ್ತು. ಈ ಜಾಣತನ ಮಾತ್ರ ಇನ್ನೊಬ್ಬರಾದ ಡೇಲ್ ಹೆದರಿಂಗ್ಟನ್ ಅವರದು. 1985ರಲ್ಲಿ ಪೇಟೆಂಟ್ ಸಿಕ್ಕಿತು. ರಾಯಲ್ಟಿ ತಪ್ಪಿಸಿಕೊಳ್ಳಲು ಬೇರೆ ಕೆಲವು ತಯಾರಕರು ವಿರಾಮವೇ ಬೇಡದ ವಿಧಾನ ತಂದರು.

ನಿಮ್ಮದು ಅಸಲಿ ಹೇಯ್ಸೋ, ಅದೇ ಕಮಾಂಡ್ ಕೇಳುವ ಬೇರೆ ತಯಾರಕರ ಕಂಪ್ಯಾಟಿಬಲ್ಲೋ ನೀವು ಕಳಿಸಿದ ಫೋಟೋದಲ್ಲಿ ಕಾಣುತ್ತಿಲ್ಲ. ಕಂಪ್ಯಾಟಿಬಲ್ ಆಗಿದ್ದರೆ ಆ ವಿರಾಮ ಬೇಡದ ವಿಧಾನವಿರಬಹುದು, ಹಾಗಾಗಿ +++ಎಟಿ ಒಟ್ಟಿಗೆ ಕೊಟ್ಟು ಈ ಸಲ ಎಂಟರ್ ಒತ್ತಿ ನೋಡಿ. ಓಕೆ ಬಂದ ಮೇಲೆ ಕಾಲ್ ಮುಗಿಸಲು ಎಟಿಎಚ್, ವಾಪಸ್ ಡೇಟಾಗೆ ಹೋಗಲು ಎಟಿಓ.