ಓದುಗರ ಪ್ರಶ್ನೆ: ಕೊಲೋಟೈಪ್ ಫಲಕದ ಆಯ್ಕೆ ಮತ್ತು ಲೇಪನ

ಪ್ರಶ್ನೆ: ಕೊಲೋಟೈಪ್ ಮುದ್ರಣಕ್ಕೆ (ಬೆಳಕಿಗೆ ಗಟ್ಟಿಯಾಗುವ ಜೆಲಟಿನ್ ಪದರಕ್ಕೆ ಶಾಯಿ ಹಚ್ಚಿ ಚಿತ್ರ ಒತ್ತುವ ವಿಧಾನ) ಗಾಜಿನ ಫಲಕವೇ ಆಗಬೇಕೇ? ಆಫ್‌ಸೆಟ್‌ನ ಅಲ್ಯೂಮಿನಿಯಂ ಪ್ಲೇಟ್ ನಡೆಯುತ್ತದೆಯೇ?

ಉತ್ತರ: ಮೊದಲು ನಿಮ್ಮ ಪ್ರೆಸ್ ಯಾವುದೆಂದು ನೋಡಿಕೊಳ್ಳಿ. ಎರಡು ರೋಲರ್ ನಡುವೆ ಒತ್ತುವ ಎಚ್ಚಿಂಗ್ ಪ್ರೆಸ್ ಆದರೆ ಗಾಜಿನ ಆಸೆ ಬಿಡಿ, ಒಡೆಯುತ್ತದೆ. ಅಲ್ಲಿಗೆ ಅಲ್ಯೂಮಿನಿಯಮ್ಮೇ ಸರಿ. ಹಳೆಯ ಆಫ್‌ಸೆಟ್ ಪ್ಲೇಟ್ ಬಳಸುವುದಾದರೆ ಮೇಲಿನ ಬೆಳಕುಸಂವೇದಿ ಪದರವನ್ನು ಡೆವಲಪರ್‌ನಲ್ಲಿ ಪೂರ್ತಿ ತೆಗೆದು, ಚೆನ್ನಾಗಿ ತೊಳೆಯಿರಿ. ಕೆಳಗಿನ ತರಿಮೈ ಜೆಲಟಿನ್ ಅನ್ನು ಬಿಗಿಯಾಗಿ ಹಿಡಿಯುತ್ತದೆ.

ಸಮತಟ್ಟಾದ ಹಾಸಿನ ಪ್ರೆಸ್ ಇದ್ದರೆ 8ರಿಂದ 10 ಮಿ.ಮೀ. ದಪ್ಪದ ಗಾಜನ್ನೇ ಆರಿಸಿ. ಗಾಜಿಗೆ ಲೋಹಕ್ಕಿಲ್ಲದ ಒಂದು ಅನುಕೂಲವಿದೆ: ಬೆನ್ನ ಕಡೆಯಿಂದಲೂ ಬೆಳಕು ಕೊಡಬಹುದು. 1860ರ ದಶಕದ ತಾಮ್ರದ ಫಲಕಗಳು ನೂರು ಪ್ರತಿಯ ಆಸುಪಾಸಿನಲ್ಲೇ ಸವೆಯುತ್ತಿದ್ದವು. 1868ರ ಸುಮಾರಿಗೆ ಮ್ಯೂನಿಕ್‌ನ ಯೋಸೆಫ್ ಆಲ್ಬರ್ಟ್ ಗಾಜಿಗೆ ಬಂದು, ತಳದ ಪದರವನ್ನು ಹಿಂದಿನಿಂದ ಬೆಳಕು ಕೊಟ್ಟು ಗಟ್ಟಿಮಾಡಿದ ಮೇಲೆಯೇ ಪ್ರತಿಗಳು ಸಾವಿರದ ಲೆಕ್ಕಕ್ಕೆ ಏರಿದ್ದು.

ಪ್ರಶ್ನೆ: ಶಾಯಿ ಹಚ್ಚುವಾಗ ಜೆಲಟಿನ್ ಅಲ್ಲಲ್ಲಿ ಕಿತ್ತು ಬರುತ್ತದೆ. ಗ್ರೇನ್ (ಜೆಲಟಿನ್ ಮೇಲ್ಮೈಯ ಸಣ್ಣ ಸುಕ್ಕುತರಿ) ಕೂಡ ಒಂದು ಅಂಚಿನಲ್ಲಿ ದಪ್ಪ, ಇನ್ನೊಂದರಲ್ಲಿ ಇಲ್ಲವೇ ಇಲ್ಲ. ಏಕೆ?

ಉತ್ತರ: ಇವು ಎರಡು ಬೇರೆ ತೊಂದರೆಗಳು. ಕಿತ್ತು ಬರುವುದು ತಳಲೇಪದ (ಗಾಜಿಗೂ ಜೆಲಟಿನ್‌ಗೂ ನಡುವಿನ ಅಂಟುಪದರ) ದೋಷ. ಗಾಜನ್ನು ನುಣುಪಾದ ಕಾರ್ಬೊರಂಡಮ್ ಪುಡಿ, ನೀರು ಹಾಕಿ ಒಂದೇ ಸಮನೆ ಮಂಜಾಗುವವರೆಗೆ ಉಜ್ಜಿ, ಅಂಚುಗಳನ್ನೂ ಮಟ್ಟಮಾಡಿ. ಚೂಪು ಅಂಚಿನಿಂದಲೇ ಪದರ ಏಳಲು ಶುರುವಾಗುವುದು. ತಳಲೇಪಕ್ಕೆ ಮೊಟ್ಟೆಯ ಬಿಳಿಭಾಗ 7 ಪಾಲು, ಸೋಡಿಯಂ ಸಿಲಿಕೇಟ್ 3 ಪಾಲು, ನೀರು 8 ಪಾಲು ಕಲಸಿ, ಸೋಸಿ, ಸುರಿದು, ಫಲಕವನ್ನು ಓರೆಯಾಗಿ ನಿಲ್ಲಿಸಿ ಒಂದು ದಿನ ಒಣಗಿಸಿ. ಆಮೇಲೆ ನೀರಿನಲ್ಲಿ ತೊಳೆಯುವುದನ್ನು ಮಾತ್ರ ಮರೆಯಬೇಡಿ. ಉಳಿದ ಕ್ಷಾರ, ಜೆಲಟಿನ್‌ಗೆ ಬೆಳಕಿನ ಸಂವೇದನೆ ಕೊಡುವ ಡೈಕ್ರೋಮೇಟನ್ನು ಕ್ರೋಮೇಟ್ ಮಾಡಿಬಿಡುತ್ತದೆ, ಅದು ಬೆಳಕಿಗೆ ಮಂದ.

ಗ್ರೇನ್ ಕಣ್ಣಿಗೆ ಕಾಣುವುದು ಫಲಕ ತೊಳೆದಾಗ, ಆದರೆ ಅದರ ಹಣೆಬರಹ ನಿರ್ಧಾರವಾಗುವುದು ಒಣಗಿಸುವ ಪೆಟ್ಟಿಗೆಯಲ್ಲಿ. 100 ಮಿ.ಲೀ. ನೀರಿಗೆ 8 ಗ್ರಾಂ ಜೆಲಟಿನ್ ಹಾಕಿ ಅರ್ಧ ಗಂಟೆ ನೆನೆಸಿ, ಬಿಸಿನೀರಿನ ಪಾತ್ರೆಯಲ್ಲಿಟ್ಟು 50 ಡಿಗ್ರಿಯಲ್ಲಿ ಕರಗಿಸಿ, 60 ದಾಟಬಾರದು. ಹಳದಿ ಬೆಳಕಿನಲ್ಲಿ 1.5ರಿಂದ 2 ಗ್ರಾಂ ಡೈಕ್ರೋಮೇಟ್ ಬೆರೆಸಿ, ತೆಳುಬಟ್ಟೆಯಲ್ಲಿ ಸೋಸಿ. 30x40 ಸೆಂ.ಮೀ. ಫಲಕಕ್ಕೆ ಸುಮಾರು 40 ಮಿ.ಲೀ. ಸಾಕು. ಫಲಕವನ್ನು ಮೊದಲೇ ಬೆಚ್ಚಗೆ ಮಾಡಿ, ನಡುವೆ ಸುರಿದು, ಮೂಲೆಗಳಿಗೆ ಓಡಿಸಿ.

ಆ ಮೇಲೆ ಎಲ್ಲವೂ ರಸಮಟ್ಟದ ಕೈಯಲ್ಲಿದೆ. ಪೆಟ್ಟಿಗೆಯೊಳಗಿನ ಮೂರು ತಿರುಪಿನ ಚೌಕಟ್ಟಿನ ಮೇಲೆ ಅದನ್ನು ಎರಡೂ ದಿಕ್ಕಿಗೆ ಇಟ್ಟು ಪರೀಕ್ಷಿಸಿ. ತುಸು ವಾಲಿದರೂ ದ್ರಾವಣ ತಗ್ಗಿಗೆ ಸರಿಯುತ್ತದೆ, ಅಲ್ಲಿ ಪದರ ದಪ್ಪವಾಗಿ ಗ್ರೇನ್ ಒರಟಾಗುತ್ತದೆ. ನಿಮ್ಮ ಫಲಕಕ್ಕೆ ಆಗಿರುವುದು ಇದೇ. 50 ಡಿಗ್ರಿಯನ್ನು ಕದಲಿಸದೆ ಎರಡು ಗಂಟೆ ಬಿಡಿ. 40ಕ್ಕಿಂತ ಕಡಿಮೆಯಾದರೆ ಗ್ರೇನ್ ಹುಟ್ಟುವುದೇ ಕಷ್ಟ. ಒಣಗಿತೇ ಎಂದು ಬಾಗಿಲು ತೆಗೆದು ನೋಡುವ ಚಾಳಿ ಬೇಡ: ತಣ್ಣನೆಯ ಗಾಳಿ ತಾಗಿದ ಜಾಗದಲ್ಲಿ ಕಲೆಯಂಥ ಮಚ್ಚೆ ಉಳಿಯುತ್ತದೆ.

ಪ್ರಶ್ನೆ: ಲೇಪಿಸಿದ ಫಲಕವನ್ನು ಎಷ್ಟು ದಿನ ಇಡಬಹುದು?

ಉತ್ತರ: ಒಂದೆರಡು ದಿನದಲ್ಲಿ ಬಳಸಿಬಿಡಿ. ಕತ್ತಲಲ್ಲಿಟ್ಟರೂ ಡೈಕ್ರೋಮೇಟ್ ಜೆಲಟಿನನ್ನು ನಿಧಾನವಾಗಿ ಗಟ್ಟಿಮಾಡುತ್ತಲೇ ಇರುತ್ತದೆ. ಹಳಸಿದ ಫಲಕ ಚಿತ್ರದ ಬಿಳಿಭಾಗದಲ್ಲೂ ಶಾಯಿ ಹಿಡಿಯುತ್ತದೆ. ಡೈಕ್ರೋಮೇಟ್ ಕ್ಯಾನ್ಸರ್‌ಕಾರಕ. ಪುಡಿ ತೂಗುವಾಗ ಮುಖಕ್ಕೆ ರೆಸ್ಪಿರೇಟರ್, ಕೈಗೆ ನೈಟ್ರೈಲ್ ಗ್ಲೌಸ್ ಇರಲೇಬೇಕು. ತೊಳೆದ ಹಳದಿ ನೀರನ್ನು ಚರಂಡಿಗೆ ಬಿಡದೆ, ಬೇರೆ ಡಬ್ಬಿಯಲ್ಲಿ ಶೇಖರಿಸಿ ಅಪಾಯಕಾರಿ ತ್ಯಾಜ್ಯವಾಗಿ ವಿಲೇವಾರಿ ಮಾಡಿ.