ಬಿಎಂಡಬ್ಲ್ಯೂಗೆ ಇಷ್ಟು ದೊಡ್ಡ ಹೆಸರು ಬಂದದ್ದು ಹೇಗೆ? ಹಳೆಯದೊಂದು ಸಿಕ್ಕರೆ ತಗೊಳ್ಳಬಹುದಾ?

ಬಿಎಂಡಬ್ಲ್ಯೂ ಮೊದಲು ವಿಮಾನ ಮಾಡುತ್ತಿತ್ತಂತೆ, ಅದರ ಲಾಂಛನ ತಿರುಗುವ ಪ್ರೊಪೆಲ್ಲರ್ ಅಂತೆ, ನಿಜವಾ ಎಂದು ಕೇಳಿದ್ದೀರಿ. ಜರ್ಮನ್ ಗಾಡಿ ಕೆಡುವುದೇ ಇಲ್ಲ ಎಂದು ನಿಮ್ಮ ಭಾವ ಹೇಳುತ್ತಾರೆ, ಹತ್ತು ವರ್ಷ ಹಳೆಯ 3 ಸೀರೀಸ್ ಡೀಸೆಲ್ ಒಂದು ಒಳ್ಳೆ ರೇಟಿಗೆ ಬಂದಿದೆ, ತಗೊಳ್ಳಲಾ ಎಂದೂ ಕೇಳಿದ್ದೀರಿ. ಇವೆರಡು ಬೇರೆ ಬೇರೆ ಪ್ರಶ್ನೆಗಳ ಹಾಗೆ ಕಾಣುತ್ತವೆ. ನನಗೆ ಒಂದೇ ಅನಿಸುತ್ತದೆ. ಈ ಕಂಪನಿಗೆ ಹೆಸರು ಬಂದದ್ದು ಒಂದು ಕಾರಣಕ್ಕೆ. ನಮ್ಮ ಕಡೆ ಜನ ನಂಬಿರುವುದು ಇನ್ನೊಂದನ್ನು.

ನಾನು ಕಾರು ಕಂಪನಿಯವನಲ್ಲ. ಸಾಫ್ಟ್‌ವೇರ್ ಕೆಲಸದ ಮೇಲೆ ಕೆಲವು ವರ್ಷ ಮ್ಯೂನಿಕ್‌ನಲ್ಲಿದ್ದೆ, ಅಷ್ಟೇ. ನನ್ನ ರೂಮಿನಿಂದ ನಾಲ್ಕು ಸ್ಟಾಪ್ ಮೆಟ್ರೋದಲ್ಲಿ ಹೋದರೆ ಬಿಎಂಡಬ್ಲ್ಯೂ ಮುಖ್ಯ ಕಚೇರಿ. ನಾಲ್ಕು ಸಿಲಿಂಡರ್‌ಗಳನ್ನು ಒತ್ತಿ ನಿಲ್ಲಿಸಿದ ಹಾಗಿರುವ ಎತ್ತರದ ಕಟ್ಟಡ. 1972ರ ಒಲಿಂಪಿಕ್ಸ್ ಹೊತ್ತಿಗೆ ಎದ್ದು ನಿಂತದ್ದು. ಪಕ್ಕದಲ್ಲಿ ಮ್ಯೂಸಿಯಂ. ಅದರ ಆಕಾರ ನೋಡಿ ಊರಿನವರು ಸಲಾಡ್ ಬಟ್ಟಲು ಎಂದು ಕರೆಯುತ್ತಾರೆ. ಚಳಿಗಾಲದ ಭಾನುವಾರಗಳಲ್ಲಿ ಹೋಗಲು ಬೆಚ್ಚಗಿನ ಜಾಗ ಬೇಕಿತ್ತು, ಹಾಗಾಗಿ ಆ ಬಟ್ಟಲೊಳಗೆ ತುಂಬ ಸಲ ಸುತ್ತಿದ್ದೇನೆ.

ಮೊದಲು ಪ್ರೊಪೆಲ್ಲರ್ ವಿಷಯ ಮುಗಿಸಿಬಿಡೋಣ. ಅದು ಸುಮ್ನೆ ಹಬ್ಬಿದ ಕತೆ. ಬಿಳಿ ಮತ್ತು ನೀಲಿ, ಮ್ಯೂನಿಕ್ ಇರುವ ಬವೇರಿಯಾ ರಾಜ್ಯದ ಬಣ್ಣಗಳು. 1917ರಲ್ಲಿ ಲಾಂಛನ ನೋಂದಾಯಿಸುವಾಗ ರಾಜ್ಯದ ಚಿಹ್ನೆಯನ್ನು ವ್ಯಾಪಾರಕ್ಕೆ ಬಳಸುವಂತಿರಲಿಲ್ಲ. ಅದಕ್ಕೆ ಬಣ್ಣಗಳ ಕ್ರಮವನ್ನು ಅದಲುಬದಲು ಮಾಡಿದರು. ಆಮೇಲೆ 1929ರ ಒಂದು ಜಾಹೀರಾತಿನಲ್ಲಿ ತಿರುಗುವ ಪ್ರೊಪೆಲ್ಲರ್ ಮೇಲೆ ಈ ಲಾಂಛನ ಕೂರಿಸಿ ಚಿತ್ರ ಬರೆದರು. ಕತೆ ಹುಟ್ಟಿದ್ದು ಅಲ್ಲಿಂದ. ಕಂಪನಿಯೂ ಬಹಳ ಕಾಲ ಅದನ್ನು ಅಲ್ಲಗಳೆಯಲು ಹೋಗಲಿಲ್ಲ. ಯಾರು ತಾನೇ ಹೋಗುತ್ತಾರೆ, ಪುಕ್ಕಟೆ ಪ್ರಚಾರ ಅಲ್ವಾ?

ವಿಮಾನದ ಮಾತು ಮಾತ್ರ ಅರ್ಧ ನಿಜ. ಮ್ಯೂನಿಕ್‌ನಲ್ಲಿ ಅಕ್ಕಪಕ್ಕ ಎರಡು ಕಂಪನಿಗಳಿದ್ದವು. ಒಂದು ವಿಮಾನ ಮಾಡುತ್ತಿತ್ತು, 1916ರ ಮಾರ್ಚ್ 7ರಂದು ಶುರುವಾದದ್ದು. ಇನ್ನೊಂದು ಕಾರ್ಲ್ ರಾಪ್ ಎಂಬವರ ಇಂಜಿನ್ ಕಾರ್ಖಾನೆ. 1917ರಲ್ಲಿ ಬಿಎಂಡಬ್ಲ್ಯೂ, ಅಂದರೆ ಬವೇರಿಯಾ ಮೋಟಾರ್ ಕಾರ್ಖಾನೆ ಎಂಬ ಹೆಸರು ಬಂದದ್ದು ಈ ಎರಡನೆಯದಕ್ಕೆ. 1922ರಲ್ಲಿ ಇಂಜಿನ್ ಕೆಲಸ, ಹೆಸರು ಎರಡೂ ಮೊದಲನೆಯದಕ್ಕೆ ದಾಟಿದವು. ಹಾಗಾಗಿ ಇವತ್ತಿನ ಕಂಪನಿಗೆ ಹೆಸರು ಒಂದು ಮನೆಯದು, ಹುಟ್ಟಿದ ದಿನ ಇನ್ನೊಂದು ಮನೆಯದು. ಬಿಎಂಡಬ್ಲ್ಯೂ ಎಂಬ ಹೆಸರಿನಲ್ಲಿ ಹೊರಬಂದದ್ದು ಮಾತ್ರ ವಿಮಾನವಲ್ಲ, ಇಂಜಿನ್.

ಇಂಜಿನ್ ಎಂಬ ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಈ ಕಂಪನಿಯ ಕತೆಯೆಲ್ಲ ಅದರ ಸುತ್ತವೇ ಇದೆ. 1919ರಲ್ಲಿ ಅವರ ಇಂಜಿನ್ ಕೂರಿಸಿದ ವಿಮಾನ 9,760 ಮೀಟರ್ ಎತ್ತರಕ್ಕೆ ಏರಿತ್ತು. ಮೊದಲ ಮಹಾಯುದ್ಧ ಸೋತ ಮೇಲೆ ಜರ್ಮನಿ ವಿಮಾನದ ಇಂಜಿನ್ ಮಾಡುವಂತಿಲ್ಲ ಎಂದಾಯಿತು. ಹೊಟ್ಟೆಪಾಡಿಗೆ ರೈಲಿನ ಬ್ರೇಕ್ ಮಾಡಿದರು. 1923ರಲ್ಲಿ ಮ್ಯಾಕ್ಸ್ ಫ್ರಿಟ್ಸ್ ಎಂಬ ಇಂಜಿನಿಯರ್ ಆರ್ 32 ಎಂಬ ಬೈಕ್ ಮಾಡಿದರು. ಎಡಕ್ಕೊಂದು ಬಲಕ್ಕೊಂದು ಚಾಚಿದ ಸಿಲಿಂಡರ್, ಚೈನ್ ಬದಲು ಶಾಫ್ಟ್. ಇವತ್ತಿಗೂ ಅವರ ದೊಡ್ಡ ಬೈಕ್‌ಗಳಲ್ಲಿ ಅದೇ ಜೋಡಣೆ ಕಾಣುತ್ತದೆ. ಕಾರು ಬಂದದ್ದು ಇನ್ನೂ ತಡವಾಗಿ. 1928ರಲ್ಲಿ ಐಸೆನಾಖ್ ಊರಿನ ಒಂದು ಕಾರ್ಖಾನೆ ಕೊಂಡರು. ಅಲ್ಲಿ ತಯಾರಾಗುತ್ತಿದ್ದದ್ದು ಆಸ್ಟಿನ್ 7, ಲೈಸೆನ್ಸ್ ಪಡೆದು ಮಾಡುತ್ತಿದ್ದ ಇಂಗ್ಲಿಷ್ ಕಾರು! ಅದೇ ಮೊದಲ ಬಿಎಂಡಬ್ಲ್ಯೂ ಕಾರು. ಶುದ್ಧ ಜರ್ಮನ್ ಎಂದು ಎದೆ ತಟ್ಟುವವರಿಗೆ ಇದನ್ನು ಹೇಳಿ ನೋಡಿ. ಮೂಗಿನ ಮೇಲಿನ ಎರಡು ಕಿಡ್ನಿ ಆಕಾರದ ಗ್ರಿಲ್ ಬಂದದ್ದು 1933ರ 303 ಎಂಬ ಕಾರಿನಲ್ಲಿ.

ಇನ್ನು ಯಾರೂ ಹೆಚ್ಚು ಮಾತಾಡದ ಭಾಗ. ಹಿಟ್ಲರ್ ಕಾಲದಲ್ಲಿ ಬಿಎಂಡಬ್ಲ್ಯೂ ಮತ್ತೆ ವಿಮಾನದ ಇಂಜಿನ್‌ಗೆ ಇಳಿಯಿತು, ಅದರಲ್ಲಿ ಚೆನ್ನಾಗಿ ಬೆಳೆಯಿತು ಕೂಡ. ಮ್ಯೂನಿಕ್ ಅಂಚಿನ ಆಲಾಖ್ ಎಂಬಲ್ಲಿ ದೊಡ್ಡ ಕಾರ್ಖಾನೆ. ಅದರ ಪಕ್ಕದಲ್ಲೇ ಡಾಖಾವ್ ಸೆರೆಶಿಬಿರದ ಒಂದು ಶಾಖೆ. ಸಾವಿರಾರು ಕೈದಿಗಳನ್ನು, ಬೇರೆ ದೇಶಗಳಿಂದ ಹಿಡಿದು ತಂದವರನ್ನು ಅಲ್ಲಿ ಬಲವಂತವಾಗಿ ದುಡಿಸಿದರು. ಎಷ್ಟೋ ಜನ ಸತ್ತರು. ಕಂಪನಿಯನ್ನು ಆಮೇಲೆ ಕೊಂಡ ಕ್ವಾಂಟ್ ಮನೆತನದ ಬ್ಯಾಟರಿ ಕಾರ್ಖಾನೆಗಳಲ್ಲೂ ಇದೇ ನಡೆದಿತ್ತು. 2007ರಲ್ಲಿ ಜರ್ಮನ್ ಟಿವಿ ಅದನ್ನು ಬಯಲಿಗೆ ಎಳೆದ ಮೇಲೆ ಆ ಮನೆತನ ಒಬ್ಬ ಇತಿಹಾಸಕಾರರನ್ನು ನೇಮಿಸಿ ತಮ್ಮದೇ ದಾಖಲೆಗಳನ್ನು ತೆರೆಯಿತು. 2016ರಲ್ಲಿ ನೂರು ವರ್ಷದ ಹಬ್ಬ ಮಾಡುವಾಗ ಬಿಎಂಡಬ್ಲ್ಯೂ ಕೂಡ ಬಹಿರಂಗವಾಗಿ ವಿಷಾದ ಹೇಳಿತು. ತಡವಾಗಿ ಹೇಳಿತು ಎಂಬುದು ನನ್ನ ಅಭಿಪ್ರಾಯ. ಕಂಪನಿಯ ಇತಿಹಾಸ ಕೇಳಿದವರಿಗೆ ಇದನ್ನು ಬಿಟ್ಟು ಹೇಳಿದರೆ ಅರ್ಧ ಸುಳ್ಳು ಹೇಳಿದ ಹಾಗೆ.

ಯುದ್ಧ ಮುಗಿದಾಗ ಕೈಯಲ್ಲಿ ಏನೂ ಉಳಿಯಲಿಲ್ಲ. ಮ್ಯೂನಿಕ್ ಕಾರ್ಖಾನೆಯ ಯಂತ್ರಗಳನ್ನು ಬಿಚ್ಚಿಕೊಂಡು ಹೋದರು. ಐಸೆನಾಖ್ ರಷ್ಯನ್ನರ ಪಾಲಾಯಿತು. ಮ್ಯೂನಿಕ್‌ನಲ್ಲಿ ಪಾತ್ರೆ ಪಗಡ ಮಾಡಿ ಬದುಕಿದರು. ಆಮೇಲೆ ಬೈಕ್. 1950ರ ದಶಕದಲ್ಲಿ ಮತ್ತೆ ಕಾರಿಗೆ ಬಂದಾಗ ಒಂದು ವಿಚಿತ್ರ ಕೆಲಸ ಮಾಡಿದರು. ಜನರ ಹತ್ತಿರ ಕಾಸಿಲ್ಲದ ಕಾಲದಲ್ಲಿ ಸಾಹುಕಾರರಿಗೆಂದು ದೊಡ್ಡ ದೊಡ್ಡ ಕಾರು ಮಾಡಿದರು. 507 ಎಂಬ ಸ್ಪೋರ್ಟ್ಸ್ ಕಾರು ಎಷ್ಟು ಚೆಂದ ಎಂದರೆ, ಮ್ಯೂಸಿಯಂನಲ್ಲಿ ಅದರ ಮುಂದೆ ನಿಂತವರು ಬೇಗ ಕದಲುವುದಿಲ್ಲ. ಅಮೆರಿಕದ ಹಾಡುಗಾರ ಎಲ್ವಿಸ್ ಪ್ರೀಸ್ಲಿ ಕೂಡ ಒಂದು ಇಟ್ಟುಕೊಂಡಿದ್ದ. ಆದರೆ ಒಟ್ಟು ಮಾಡಿದ್ದು 250ರ ಆಸುಪಾಸು, ಅದೂ ನಷ್ಟದಲ್ಲಿ. ಅದೇ ಷೋರೂಮಿನ ಇನ್ನೊಂದು ಮೂಲೆಯಲ್ಲಿ ಇಸೆಟ್ಟಾ. ಮೊಟ್ಟೆಯಂಥ ಪುಟ್ಟ ಗಾಡಿ, ಬೈಕಿನ ಇಂಜಿನ್, ಬಾಗಿಲು ಮುಂದಗಡೆ, ಫ್ರಿಜ್ ತೆಗೆದ ಹಾಗೆ ತೆಗೆಯಬೇಕು. ಅದನ್ನು ಮೂಲದಲ್ಲಿ ಮಾಡಿದ ಇಟಲಿಯ ಇಸೋ ಕಂಪನಿ ಮೊದಲು ಫ್ರಿಜ್ಜೇ ಮಾಡುತ್ತಿತ್ತು! 1,60,000ಕ್ಕೂ ಹೆಚ್ಚು ಮಾರಾಟವಾದ ಈ ಮೊಟ್ಟೆ ಗಾಡಿ ಮನೆಯ ಒಲೆ ಆರದಂತೆ ನೋಡಿಕೊಂಡಿತು. ಮಧ್ಯಮ ವರ್ಗದವರು ಕೊಳ್ಳುವಂಥ ಕಾರು ಮಾತ್ರ ಅವರ ಹತ್ತಿರ ಇರಲಿಲ್ಲ.

ನನಗೆ ಅತಿ ಇಷ್ಟದ ದಿನ 1959ರ ಡಿಸೆಂಬರ್ 9. ಅವತ್ತು ಷೇರುದಾರರ ಸಭೆ. ಸಾಲ ತಲೆ ಮೇಲೆ ಬಂದಿತ್ತು. ಕಂಪನಿಯನ್ನು ಮರ್ಸಿಡಿಸ್ ಮಾಡುವ ಡೈಮ್ಲರ್-ಬೆನ್ಜ್‌ಗೆ ಒಪ್ಪಿಸುವ ಯೋಜನೆ ಸಿದ್ಧವಾಗಿತ್ತು. ಅದನ್ನು ಮುಂದಿಟ್ಟದ್ದು ಡಾಯ್ಚ ಬ್ಯಾಂಕ್. ಆ ಬ್ಯಾಂಕಿಗೆ ಡೈಮ್ಲರ್‌ನಲ್ಲೂ ಪಾಲಿತ್ತು. ಹುಡುಗನ ಕಡೆಯವರೂ ಅವರೇ, ಹುಡುಗಿ ಕಡೆಯವರೂ ಅವರೇ! ಆದರೆ ಸಭೆಗೆ ಬಂದ ಸಣ್ಣ ಷೇರುದಾರರು, ಡೀಲರ್‌ಗಳು ಗಲಾಟೆ ಎಬ್ಬಿಸಿದರು. ಅವರ ಪರವಾಗಿ ಫ್ರೀಡ್ರಿಖ್ ಮಾಟರ್ನ್ ಎಂಬ ವಕೀಲರು ಲೆಕ್ಕಪತ್ರದಲ್ಲಿ ಒಂದು ತಪ್ಪು ಹಿಡಿದರು. ಹೊಸ 700 ಎಂಬ ಕಾರಿನ ತಯಾರಿ ಖರ್ಚನ್ನೆಲ್ಲ ಒಂದೇ ವರ್ಷದ ಮೇಲೆ ಹಾಕಿ ನಷ್ಟವನ್ನು ದೊಡ್ಡದಾಗಿ ತೋರಿಸಿದ್ದರು. ಲೆಕ್ಕದಲ್ಲಿ ತಪ್ಪಿದ್ದರೆ ಹತ್ತನೇ ಒಂದು ಪಾಲು ಮತ ಸಾಕು, ಸಭೆ ಮುಂದೂಡಬಹುದು. ಮುಂದೂಡಿದರು. ಮಾರಾಟ ನಿಂತಿತು. ಇದನ್ನೆಲ್ಲ ನೋಡಿದ ಹೆರ್ಬರ್ಟ್ ಕ್ವಾಂಟ್, ಕಣ್ಣು ಹೆಚ್ಚುಕಡಿಮೆ ಕಾಣದ ಉದ್ಯಮಿ, ಮನಸ್ಸು ಬದಲಿಸಿ ಕಂಪನಿಗೆ ತನ್ನ ದುಡ್ಡು ಹಾಕಿದರು. ಇವತ್ತಿಗೂ ಅವರ ಮಕ್ಕಳ ಕೈಯಲ್ಲಿ ಹತ್ತಿರ ಹತ್ತಿರ ಅರ್ಧ ಪಾಲಿದೆ.

ನಾವು ಈಗ ತಲೆಯಲ್ಲಿಟ್ಟುಕೊಂಡಿರುವ ಬಿಎಂಡಬ್ಲ್ಯೂ ನಿಜವಾಗಿ ಹುಟ್ಟಿದ್ದು ಇದಾದ ಮೇಲೆ. 1961ರಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ 1500 ಎಂಬ ಕಾರು ಇಟ್ಟರು. ನಾಲ್ಕು ಬಾಗಿಲಿನ ಸಾಧಾರಣ ಮನೆಮಂದಿ ಕಾರು. ಆದರೆ ಇಂಜಿನ್ ಮಾತ್ರ ಸಾಧಾರಣ ಅಲ್ಲ. ಅಲೆಕ್ಸ್ ಫಾನ್ ಫಾಲ್ಕೆನ್‌ಹೌಸೆನ್ ಎಂಬ ರೇಸ್ ಹುಚ್ಚಿನ ಇಂಜಿನಿಯರ್ ಮಾಡಿದ್ದು. ಅದರ ಕಬ್ಬಿಣದ ಬ್ಲಾಕ್ ಎಷ್ಟು ಗಟ್ಟಿ ಎಂದರೆ, ಇಪ್ಪತ್ತು ವರ್ಷ ಆದ ಮೇಲೆ ಅದೇ ಬ್ಲಾಕಿಗೆ ಟರ್ಬೊ ಕೂರಿಸಿ ಫಾರ್ಮುಲಾ 1ಕ್ಕೆ ಕಳಿಸಿದರು. 1983ರಲ್ಲಿ ನೆಲ್ಸನ್ ಪಿಕೆ ಅದರಲ್ಲಿ ವಿಶ್ವ ಚಾಂಪಿಯನ್ ಆದರು. ಮನೆಮಂದಿಯನ್ನು ಸಂತೆಗೆ ಕರೆದುಕೊಂಡು ಹೋಗಲು ಮಾಡಿದ ಇಂಜಿನ್, ಸ್ವಾಮಿ! ಅದೇ ಕುಟುಂಬದ ಎರಡು ಬಾಗಿಲಿನ 2002 ಎಂಬ ಕಾರು 1968ರಲ್ಲಿ ಬಂತು. ಅಮೆರಿಕದವರು ಅದಕ್ಕೆ ಮರುಳಾದರು. 3 ಸೀರೀಸ್ 1975ರಲ್ಲಿ ಬಂದು ಕೂತದ್ದು ಅದರ ಜಾಗದಲ್ಲೇ.

ಹಾಗಾದರೆ ಆ ಹುಚ್ಚು ಯಾಕೆ? ಕಾರಣ ಮಾಯಮಂತ್ರ ಅಲ್ಲ. ಒಂದು, ಇಂಜಿನ್ ಮುಂದೆ, ಓಡಿಸುವ ಶಕ್ತಿ ಹಿಂದಿನ ಚಕ್ರಕ್ಕೆ. ಮುಂದಿನ ಚಕ್ರಕ್ಕೆ ತಿರುಗುವುದೊಂದೇ ಕೆಲಸ, ಎಳೆಯುವ ಭಾರ ಇಲ್ಲ. ಅದಕ್ಕೆ ಸ್ಟೇರಿಂಗ್ ಹಗುರವಾಗಿ, ಚೊಕ್ಕವಾಗಿ ಮಾತು ಕೇಳುತ್ತದೆ. ತೂಕವನ್ನೂ ಹಿಂದೆ ಮುಂದೆ ಸಮನಾಗಿ ಹಂಚಲು ಒದ್ದಾಡುತ್ತಾರೆ. ಎರಡು, ಒಂದೇ ಸಾಲಿನ ಆರು ಸಿಲಿಂಡರ್. ಮುಂದಿನ ಮೂರು, ಹಿಂದಿನ ಮೂರು ಕನ್ನಡಿಯಲ್ಲಿ ನೋಡಿದ ಹಾಗೆ ಜೋಡಿಯಾಗಿ ಆಡುತ್ತವೆ. ಒಂದರ ನಡುಕವನ್ನು ಇನ್ನೊಂದು ತಿಂದುಹಾಕುತ್ತದೆ. ಸದ್ದು ಹೊಲಿಗೆ ಮಷಿನ್ ಹಾಗೆ ಒಂದೇ ಸಮ. ಸ್ನೇಹಿತನ ಹಳೆಯ ಗಾಡಿಯೊಂದರಲ್ಲಿ ಆಲ್ಪ್ಸ್ ಬೆಟ್ಟದ ತಿರುವುಗಳನ್ನು ಹತ್ತಿದ ದಿನ ನನಗೆ ಇದು ಗೊತ್ತಾಯಿತು. ಆ ಮೇಲೆ ಬೇರೆ ಕಾರು ಓಡಿಸಿದರೆ ಗುದ್ದಲಿ ಹಿಡಿದ ಹಾಗೆ ಅನಿಸಿತು.

ಗಮನಿಸಿ, ಇದು ಓಡಿಸುವ ಸುಖದ ಹೆಸರು. ಕಂಪನಿಯೂ ಇದನ್ನೇ ಹೇಳಿಕೊಂಡು ಬಂದಿದೆ. ಅವರ ಜರ್ಮನ್ ಘೋಷವಾಕ್ಯದ ಅರ್ಥವೇ 'ಓಡಿಸುವ ಖುಷಿ'. ಕೆಡುವುದಿಲ್ಲ ಎಂಬ ಮಾತು ಅದರಲ್ಲಿ ಎಲ್ಲೂ ಇಲ್ಲ. ಅದನ್ನು ಸೇರಿಸಿಕೊಂಡದ್ದು ನಾವು. ಜರ್ಮನಿಯಲ್ಲೇ ಬಿಎಂಡಬ್ಲ್ಯೂ ಮೂರಕ್ಷರಕ್ಕೆ 'ಬ್ರಿಂಗ್ ಮಿಶ್ ವೆರ್ಕ್‌ಷ್ಟಾಟ್' ಎಂದು ವಿಸ್ತರಿಸಿ ನಗುತ್ತಾರೆ. ನನ್ನನ್ನು ಗ್ಯಾರೇಜಿಗೆ ಕರ್ಕೊಂಡು ಹೋಗು ಎಂದರ್ಥ. ಹೈವೇಯಲ್ಲಿ ಹಿಂದೆ ಬಂದು ಅಂಟಿಕೊಂಡು ಲೈಟ್ ಹಾಕುವವರು, ಇಂಡಿಕೇಟರ್ ಹಾಕದವರು ಎಂಬ ಚಾಡಿಯೂ ಅಲ್ಲಿ ಇದೇ ಗಾಡಿಯವರ ಮೇಲೆ.

ಇಂಜಿನ್ ದಾರಿ ಬಿಟ್ಟು ಬೇರೆ ಕಡೆ ಕೈ ಹಾಕಿ ಕಂಪನಿ ಮುಗ್ಗರಿಸಿದ್ದೂ ಇದೆ. 1994ರಲ್ಲಿ 80 ಕೋಟಿ ಪೌಂಡ್ ಕೊಟ್ಟು ಇಂಗ್ಲೆಂಡಿನ ರೋವರ್ ಕೊಂಡರು. ಆರು ವರ್ಷ ದುಡ್ಡು ಸುರಿದು, 2000ದಲ್ಲಿ ರೋವರ್ ಕಾರಿನ ವ್ಯವಹಾರವನ್ನು ಹತ್ತು ಪೌಂಡಿಗೆ ಕೊಟ್ಟು ಕೈ ತೊಳೆದುಕೊಂಡರು. ಮಿನಿ ಎಂಬ ಹೆಸರನ್ನು ಮಾತ್ರ ಉಳಿಸಿಕೊಂಡರು, ಅದು ಫಲ ಕೊಟ್ಟಿತು. ರೋಲ್ಸ್ ರಾಯ್ಸ್ ವ್ಯವಹಾರದಲ್ಲಿ ಚಾಲಾಕಿತನ ತೋರಿಸಿದರು. 1998ರಲ್ಲಿ ಫೋಕ್ಸ್‌ವ್ಯಾಗನ್ 43 ಕೋಟಿ ಪೌಂಡ್ ಕೊಟ್ಟು ಕಾರ್ಖಾನೆ ಕೊಂಡಿತು, ಬಿಎಂಡಬ್ಲ್ಯೂ 4 ಕೋಟಿ ಕೊಟ್ಟು ಹೆಸರು ಕೊಂಡಿತು! 2021ರಲ್ಲಿ ಮಾತ್ರ ಮುಖಕ್ಕೆ ಮಸಿ. ಡೀಸೆಲ್ ಹೊಗೆ ಶುದ್ಧ ಮಾಡುವ ತಂತ್ರಜ್ಞಾನದಲ್ಲಿ ಪೈಪೋಟಿ ಬೇಡ ಎಂದು ಜರ್ಮನ್ ಕಂಪನಿಗಳು ಒಳಗೊಳಗೇ ಮಾತಾಡಿಕೊಂಡಿದ್ದಕ್ಕೆ ಯುರೋಪಿಯನ್ ಕಮಿಷನ್ ಬಿಎಂಡಬ್ಲ್ಯೂಗೆ 37 ಕೋಟಿ ಯೂರೋ ದಾಟಿದ ದಂಡ ಹಾಕಿತು.

ನಮ್ಮ ಕಡೆಯ ನಂಟನ್ನೂ ಹೇಳಿಬಿಡುತ್ತೇನೆ. ಕಾರು ಜೋಡಿಸುವುದು ಚೆನ್ನೈ ಹತ್ತಿರ, 2007ರಿಂದ. ಆದರೆ 2013ರಲ್ಲಿ ಟಿವಿಎಸ್ ಜೊತೆ ಒಪ್ಪಂದ ಆದ ಮೇಲೆ ಅವರ ಸಣ್ಣ ಬೈಕ್ ಜಿ 310 ಆರ್ ತಯಾರಾದದ್ದು ಹೊಸೂರಿನಲ್ಲಿ. ಅತ್ತಿಬೆಲೆ ದಾಟಿದರೆ ಸಿಗುವ ನಮ್ಮ ಹೊಸೂರು! ಮ್ಯೂನಿಕ್‌ನಲ್ಲಿ ಒಂದು ಸಿಗ್ನಲ್‌ನಲ್ಲಿ ಆ ಬೈಕ್ ಪಕ್ಕಕ್ಕೆ ಬಂದು ನಿಂತಾಗ ಊರಿನವರು ಸಿಕ್ಕಷ್ಟು ಖುಷಿಯಾಗಿತ್ತು.

ಈಗ ನಿಮ್ಮ ಹಳೆಯ 3 ಸೀರೀಸ್. ಜರ್ಮನಿಯಲ್ಲಿ ಹೊಸ ಬಿಎಂಡಬ್ಲ್ಯೂ ಕೊಳ್ಳುವವರಲ್ಲಿ ದೊಡ್ಡ ಪಾಲು ಆಫೀಸಿನ ಲೆಕ್ಕದಲ್ಲಿ ಲೀಸ್ ಪಡೆಯುವವರು. ಮೂರು ನಾಲ್ಕು ವರ್ಷ ಓಡಿಸಿ ವಾಪಸ್ ಕೊಡುತ್ತಾರೆ. ಹತ್ತನೇ ವರ್ಷದ ರಿಪೇರಿ ಅವರ ಚಿಂತೆಯೇ ಅಲ್ಲ. ಆ ಚಿಂತೆ ನಿಮ್ಮದು. ಹೊಸದಾಗಿದ್ದಾಗ 45 ಲಕ್ಷದ ಗಾಡಿ ಈಗ 12ಕ್ಕೆ ಸಿಗಬಹುದು, ಆದರೆ ಅದರ ಬಿಡಿಭಾಗಗಳು ಇವತ್ತಿಗೂ 45 ಲಕ್ಷದ ಗಾಡಿಯವೇ. ಕೂಲಿಂಗ್‌ನಲ್ಲಿ ಪ್ಲಾಸ್ಟಿಕ್ ಭಾಗಗಳಿರುತ್ತವೆ, ವಯಸ್ಸಾದಂತೆ ಬಿರುಕು ಬಿಡುತ್ತವೆ. ಹಲವು ಮಾದರಿಗಳಲ್ಲಿ ಸ್ಟೆಪ್ನಿ ಇರುವುದಿಲ್ಲ, ಗಾಳಿ ಹೋದರೂ ಸ್ವಲ್ಪ ದೂರ ಓಡುವ ರನ್‌ಫ್ಲಾಟ್ ಟೈರ್ ಇರುತ್ತದೆ. ನಮ್ಮ ಗುಂಡಿಗಳಿಗೆ ಅದು ಹೇಳಿಮಾಡಿಸಿದ್ದಲ್ಲ, ಬೆಲೆಯೂ ಜಾಸ್ತಿ. ಎನ್47 ಎಂಬ ಡೀಸೆಲ್ ಇಂಜಿನ್ ಆಗಿದ್ದರೆ ಟೈಮಿಂಗ್ ಚೈನ್, ಅಂದರೆ ಇಂಜಿನ್ ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ಆಡಿಸುವ ಸರಪಳಿ, ಅದರ ಬಗ್ಗೆ ವಿಶೇಷ ಹುಷಾರು. ಅದು ಇಂಜಿನ್ ಹಿಂಭಾಗದಲ್ಲಿದೆ. ಬದಲಿಸಬೇಕೆಂದರೆ ದೊಡ್ಡ ಬಿಚ್ಚಾಟ, ದೊಡ್ಡ ಬಿಲ್ಲು.

ದಿನಾ ಆಫೀಸಿಗೆ ಹೋಗಿಬರಲು ಇದೊಂದೇ ಕಾರು ಎಂದಾದರೆ ಬೇಡ. ಮನೆಯಲ್ಲಿ ಇನ್ನೊಂದು ಗಾಡಿ ಇದ್ದು, ಭಾನುವಾರ ಬೆಳಿಗ್ಗೆ ನಂದಿಬೆಟ್ಟದ ತಿರುವುಗಳ ಆಸೆ ಇದ್ದರೆ, ವರ್ಷಕ್ಕೆ ಒಂದೂವರೆ ಎರಡು ಲಕ್ಷ ರಿಪೇರಿಗೆಂದೇ ತೆಗೆದಿಡುವ ಹಾಗಿದ್ದರೆ, ಧೈರ್ಯವಾಗಿ ನೋಡಿ. ಸರ್ವೀಸ್ ದಾಖಲೆ ಪೂರ್ತಿ ಇಲ್ಲದ ಗಾಡಿ ಮುಟ್ಟಬೇಡಿ. ನೋಡಲು ಹೋಗುವಾಗ ಬೆಳಿಗ್ಗೆ ಬೇಗ ಹೋಗಿ, ನೀವು ಬರುವ ಮೊದಲು ಸ್ಟಾರ್ಟ್ ಮಾಡಬೇಡಿ ಎಂದು ಮಾರುವವರಿಗೆ ಮೊದಲೇ ಹೇಳಿಡಿ. ಬಾನೆಟ್ ಮುಟ್ಟಿ ನೋಡಿ, ತಣ್ಣಗಿರಬೇಕು. ಆಮೇಲೆ ಸ್ಟಾರ್ಟ್ ಮಾಡಿಸಿ, ಇಂಜಿನ್ ಹಿಂದಿನಿಂದ ಸರಪಳಿ ಎಳೆದಂಥ ಗರಗರ ಸದ್ದು ಬರುತ್ತಾ ಕಿವಿಗೊಟ್ಟು ಕೇಳಿ. ಬಂದರೆ, ಕೊಟ್ಟ ಕಾಫಿ ಕುಡಿದು ವಾಪಸ್ ಬನ್ನಿ.